ಐದನೆಯ ಏಟು

ಮುದ್ದೆ ಅಗಿಯುವವನಿಗೆ ಹೆಣ್ಣು ಕೊಡಬಾರದು ಎನ್ನುವುದು ಹೊನ್ನಸಂದ್ರದ ಪಟೇಲ ಕೋದಂಡರಾಮಪ್ಪನವರ ಮಾತು. ಅದನ್ನು ಅವರು ತಮಾಷೆಗೆ ಹೇಳುತ್ತಿದ್ದರೋ, ನಿಜವಾಗಿ ನಂಬಿದ್ದರೋ ಯಾರಿಗೂ ತಿಳಿಯದು. ಆದರೆ ಅರವತ್ತೆರಡು ವರ್ಷದ ಆಯುಷ್ಯದಲ್ಲಿ ಅವರು ಒಂದು ತುತ್ತು ಮುದ್ದೆಗೂ ಹಲ್ಲು ಸೋಕಿಸಿದವರಲ್ಲ. ನಿಂಬೆಹಣ್ಣಿನ ಗಾತ್ರಕ್ಕೆ ಮುರಿದು, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟು, ಕತ್ತನ್ನು ಒಂದಿಷ್ಟು ಮುಂದಕ್ಕೆ ಚಾಚಿದರೆ ಮುಗಿಯಿತು. ಗಂಟಲ ಗಂಟು ಒಮ್ಮೆ ಮೇಲಕ್ಕೆದ್ದು ಕೆಳಗಿಳಿಯುತ್ತಿತ್ತು. ಮುಳಬಾಗಿಲಿನಿಂದ ಕುರುಡುಮಲೆಯ ಕಡೆಗೆ ಹೋಗುವ ಗಾಡಿದಾರಿಯಿಂದ ಒಂದು ಮೈಲಿ ಒಳಗಿದ್ದ ಆ ಊರಿನ ಮಕ್ಕಳು ಮುದ್ದೆ ನುಂಗುವುದನ್ನು ಪಟೇಲರನ್ನು ನೋಡಿಯೇ ಕಲಿಯುತ್ತಿದ್ದರು.

ಆ ಮನೆಯ ಒಬ್ಬಳೇ ಸೊಸೆ ವೆಂಕಟರತ್ನಮ್ಮ ಮಾತ್ರ ಆ ಮುದ್ದೆಯನ್ನು ಕಟ್ಟುವಂತಿರಲಿಲ್ಲ, ಬಡಿಸುವಂತಿರಲಿಲ್ಲ. ಅವಳು ಕೋಲಾರದ ಆಸ್ಪತ್ರೆಯಲ್ಲಿ ಆರು ತಿಂಗಳಿದ್ದು ಸೂಲಗಿತ್ತಿಯ ಕೆಲಸ ಕಲಿತು ಬಂದವಳು. ಬರುವಾಗ ಅವಳ ಕೈಗೆ ಒಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು: ಅದರಲ್ಲಿ ಒಂದು ಕತ್ತರಿ, ದಾರದ ಉಂಡೆ, ಕುದಿಸಿ ಒಣಗಿಸಿದ ಬಟ್ಟೆಯ ತುಂಡುಗಳು, ಕೆಂಪು ಸೋಪು, ಉಗುರು ತಿಕ್ಕುವ ಬ್ರಷ್ಷು. ಊರೊಳಗಿನ ಮನೆಗಳಿಗೂ ಊರಾಚೆಯ ಕೇರಿಗೂ ಅವಳು ಅದೇ ಪೆಟ್ಟಿಗೆ ಹಿಡಿದು ಹೋಗುತ್ತಿದ್ದಳು. ಮಾವನವರು ಅದನ್ನು ಬೇಡವೆನ್ನಲಿಲ್ಲ. ಆದರೆ ಆ ಕೈ ಒಲೆಯ ಹತ್ತಿರ ಬರಬಾರದು, ತಮ್ಮ ಎಲೆಯ ಹತ್ತಿರ ಬರಬಾರದು ಎಂದು ಒಂದೇ ಸಲ ಹೇಳಿದ್ದರು. ಅಂದಿನಿಂದ ಅವಳಿಗೆ ಬೇರೆ ತಟ್ಟೆ, ಬೇರೆ ಚೊಂಬು, ದನದ ಕೊಟ್ಟಿಗೆಯ ಪಕ್ಕದ ಕಂಬದ ಬುಡದಲ್ಲಿ ಒಂದು ಜಾಗ. ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಸೋಪು ಕಂಡ ಕೈ ಅವಳದೇ ಎಂಬುದು ಅವಳಿಗೆ ಗೊತ್ತಿತ್ತು. ಹೇಳಲು ಹೋಗಿರಲಿಲ್ಲ.

ಅವಳು ಈ ಕೆಲಸ ಕಲಿಯಲು ಹೋದದ್ದಕ್ಕೆ ಒಂದು ಕಾರಣವಿತ್ತು. ಮೂವತ್ತಾರನೆಯ ಇಸವಿಯ ಕಾರ್ತಿಕದಲ್ಲಿ ಅವಳ ಮಗಳು, ಹದಿನೈದು ತಿಂಗಳ ಕೂಸು, ತಾತನ ತೊಡೆಯ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿತ್ತು. ಹೊಲದಿಂದ ಆಗತಾನೆ ಬಂದ ಹಸಿ ಕಾಯಿ. ತಾತ ಬಿಡಿಸಿ ಬಿಡಿಸಿ ಬೀಜ ಬಾಯಿಗಿಡುತ್ತಿದ್ದರು. ಮಗು ನಕ್ಕಿತು, ಆಮೇಲೆ ನಗುವೂ ಇಲ್ಲ, ಅಳುವೂ ಇಲ್ಲ. ನೆತ್ತಿಗೆ ಹತ್ತಿತು ಎಂದರು. ತಾತ ನೆತ್ತಿ ತಟ್ಟಿದರು, ಅಜ್ಜಿ ಮುನಿಯಲ್ಲಮ್ಮ ಹಾಲು ಕುಡಿಸುವ ಒಳಲೆಯಲ್ಲಿ ನೀರು ಹೊಯ್ದಳು, ತಾಯಿ ನೆತ್ತಿಯ ಮೇಲೆ ಉಫ್ ಉಫ್ ಎಂದು ಊದಿದಳು. ಮೂವರೂ ಬಹಳ ಮೃದುವಾಗಿ, ಬಹಳ ಪ್ರೀತಿಯಿಂದ ಮಾಡಿದರು. ಎಲೆಯಡಿಕೆ ಹಾಕಿಕೊಂಡು ಉಗಿಯುವಷ್ಟು ಹೊತ್ತಿನಲ್ಲಿ ಕೂಸು ನೀಲಿಯಾಗಿ ಹೋಯಿತು.

ಮರುವರ್ಷದಿಂದ ಪಟೇಲರ ಹೊಲದಲ್ಲಿ ಕಡಲೆಕಾಯಿ ಬಿತ್ತಲಿಲ್ಲ. ಮಣ್ಣು ಹಿಡಿಯುವುದಿಲ್ಲ ಎಂದರು. ಪಕ್ಕದ ಹೊಲದವರು ಅದೇ ಮಣ್ಣಿನಲ್ಲಿ ಮೂಟೆಗಟ್ಟಲೆ ಬೆಳೆಯುತ್ತಿದ್ದರು.

ವೆಂಕಟರತ್ನಮ್ಮ ಮಾಲೂರಿನ ತವರಿಗೆ ಹೋಗಿ ಒಂದು ವರ್ಷ ಕೂತಿದ್ದಳು. ಅಲ್ಲಿಂದಲೇ ಅಣ್ಣ ಕೋಲಾರಕ್ಕೆ ಕರೆದುಕೊಂಡು ಹೋಗಿ ಬಿಟ್ಟ. ಅಲ್ಲಿ ಕಲಿಸುತ್ತಿದ್ದ ನರ್ಸು ಭಾರತಮ್ಮ ಕಡಿಮೆ ಮಾತಿನ ಹೆಂಗಸು. ಹೇಳಿದ್ದನ್ನು ಎರಡನೆಯ ಸಲ ಹೇಳುತ್ತಿರಲಿಲ್ಲ. ಒಂದು ದಿನ ಕೆಲಸ ಮುಗಿದ ಮೇಲೆ ವೆಂಕಟರತ್ನಮ್ಮ ಆ ಕಡಲೆಬೀಜದ ವಿಷಯ ಕೇಳಿಬಿಟ್ಟಳು. ಭಾರತಮ್ಮ ಹಿತ್ತಲಿಗೆ ಹೋಗಿ ಪರಂಗಿ ಎಲೆಯ ದಂಟು ಮುರಿದು ತಂದಳು. ಟೊಳ್ಳು ದಂಟು. ಅದರೊಳಕ್ಕೆ ಒಂದು ಕಡಲೆಬೀಜ ಬಿಟ್ಟು, ಮೇಲಿನಿಂದ ನೀರು ಹೊಯ್ದಳು. ನೀರು ಇಳಿಯಲಿಲ್ಲ, ಬೀಜದ ಮೇಲೆ ನಿಂತಿತು. ಬೆರಳಿಟ್ಟು ನೂಕಿದಳು. ಬೀಜ ಇನ್ನಷ್ಟು ಕೆಳಗೆ ಹೋಗಿ ಬಿಗಿಯಿತು. ಆಮೇಲೆ ದಂಟನ್ನು ತಲೆಕೆಳಗು ಮಾಡಿ ಅಂಗೈಯ ಬುಡದಿಂದ ಜೋರಾಗಿ ಕುಟ್ಟಿದಳು. ಮೊದಲ ಸಲಕ್ಕೆ ಬರಲಿಲ್ಲ, ಎರಡನೆಯದಕ್ಕೂ ಬರಲಿಲ್ಲ, ಮೂರನೆಯದಕ್ಕೆ ನೀರೂ ಬೀಜವೂ ನೆಲಕ್ಕೆ ಬಿದ್ದವು.

"ಗಂಟಲಲ್ಲಿ ಎರಡು ದಾರಿ ಇದೆ. ಒಂದು ಅನ್ನದ್ದು, ಒಂದು ಉಸಿರಿಂದು," ಎಂದಳು ಭಾರತಮ್ಮ. "ಉಸಿರಿನ ದಾರಿಗೆ ನೀರು ಹೊಯ್ಯೋದು ಅಂದ್ರೆ ಬಾವಿಗೆ ಬಿದ್ದೋನ ಮೇಲೆ ನೀರು ಹೊಯ್ದ ಹಾಗೆ. ಕೆಮ್ತಾ ಇದ್ರೆ ಮುಟ್ಟಬೇಡ, ಕೆಮ್ಮೋದಕ್ಕಿಂತ ದೊಡ್ಡ ಔಷಧಿ ಇಲ್ಲ. ಶಬ್ದ ನಿಂತ್ರೆ ಮಾತ್ರ ಕಾಯೋ ಹೊತ್ತಿಲ್ಲ. ತಲೆ ಕೆಳಗೆ, ಬೆನ್ನಿನ ಮೇಲೆ ಏಟು. ಬಾಯಲ್ಲಿ ಕಣ್ಣಿಗೆ ಕಂಡ್ರೆ ಮಾತ್ರ ಬೆರಳು ಹಾಕು."

ದೊಡ್ಡವರಿಗೆ ಹೀಗಾದರೆ ಏನು ಮಾಡಬೇಕೆಂದು ವೆಂಕಟರತ್ನಮ್ಮ ಕೇಳಿದಳು.

"ದೊಡ್ಡೋರಿಗೂ ಇದೇ. ಅವರು ಹೊಡಿಸ್ಕೊಳ್ತಾರಾ ಅನ್ನೋದು ಬೇರೆ ಮಾತು," ಎಂದು ಭಾರತಮ್ಮ ದಂಟನ್ನು ಕಿಟಕಿಯಾಚೆ ಎಸೆದಳು.

ಅದು ಬೇರೆ ಮಾತೇ ಆಗಿತ್ತು ಎಂಬುದು ನಲವತ್ತೊಂದನೆಯ ಇಸವಿಯ ಮಹಾಲಯ ಅಮಾವಾಸ್ಯೆಯಂದು ತಿಳಿಯಿತು.

ಹಿರಿಯರ ಹಬ್ಬ. ಮಧ್ಯಾಹ್ನ ಸತ್ತವರಿಗೆ ಎಡೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ತೆಗೆದು ಆಗಿತ್ತು. ಹಜಾರದಲ್ಲಿ ನೆಂಟರೆಲ್ಲ ಸಾಲಾಗಿ ಎಲೆ ಮುಂದೆ ಕೂತಿದ್ದರು. ಆ ಕಡೆಯ ಮನೆಗಳಲ್ಲಿ ಇರುವ ಹಾಗೆ ಅಲ್ಲೂ ಹಜಾರ ಎತ್ತರದಲ್ಲಿ, ಅದರ ಅಂಚಿಗೆ ಮೊಳ ಎರಡು ಮೊಳ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅಂಚಿಗೆ ಒತ್ತಿಕೊಂಡೇ ಹುಲ್ಲು ಹಾಕುವ ಗೋದಲಿ. ಪಟೇಲರ ಎಲೆ ಆ ಅಂಚಿನ ಹತ್ತಿರ, ಗಾಳಿಗೆ ಬೀಳುವ ಜಾಗದಲ್ಲಿ. ಎದುರಿಗೆ ಮುನಿಯಲ್ಲಮ್ಮನ ತಮ್ಮ ವೆಂಕಟರಾಯಪ್ಪ. ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ ಗಾಡಿ ಕಟ್ಟಿಸಿಕೊಂಡು ಬಂದವನು. ವರ್ಷಕ್ಕೊಂದು ಸಲ ಬಾವ ಮೈದುನರಿಬ್ಬರೂ ಮುದ್ದೆ ನುಂಗುವ ಪಂಥ ಕಟ್ಟುವುದು ಆ ಮನೆಯ ಹಬ್ಬದ ಒಂದು ಭಾಗವೇ ಆಗಿಹೋಗಿತ್ತು. ಯಾರು ಗೆದ್ದರೂ ಮುಂದಿನ ಅಮಾವಾಸ್ಯೆಯವರೆಗೆ ಅದೇ ಮಾತು.

ಆ ದಿನ ಮೂರನೆಯ ಮುದ್ದೆಗೆ ಪಟೇಲರು ಒಂದು ಗಳಿಗೆ ಕೈ ತಡೆದರು.

"ಏಮಿ ಬಾವಾ, ಹಲ್ಲಿಗೂ ಒಂಚೂರು ಕೆಲಸ ಕೊಡೋಣ ಅಂತಾನಾ?" ಎಂದ ವೆಂಕಟರಾಯಪ್ಪ. "ನಾಚಿಕೋಬೇಡಿ. ನಮ್ಮಕ್ಕನ್ನ ಕೇಳಿ ಅಂಬಲಿ ಮಾಡಿಸಿಕೊಡ್ತೀನಿ."

ಸಾಲೆಲ್ಲ ನಕ್ಕಿತು. ಪಟೇಲರೂ ನಕ್ಕರು. ನಗುತ್ತಲೇ ತುತ್ತು ಮುರಿದು, ಮೂಳೆ ಸಮೇತ ಬಾಡಿನ ಚೂರೊಂದನ್ನು ಅದರೊಳಗೆ ಒತ್ತಿ ಬಾಯಿಗಿಟ್ಟರು. ನಗು ಮುಗಿದಿರಲಿಲ್ಲ. ನಗುವವನ ಉಸಿರಿನ ಬಾಗಿಲು ತೆರೆದೇ ಇರುತ್ತದೆ. ತುತ್ತು ಅನ್ನದ ದಾರಿ ಬಿಟ್ಟು ಆ ಬಾಗಿಲಿಗೆ ಹೋಯಿತು.

ಕಂಬದ ಬುಡದಲ್ಲಿ ಎಂಜಲೆಲೆ ಎತ್ತಲು ಕಾದು ಕೂತಿದ್ದ ವೆಂಕಟರತ್ನಮ್ಮ ಮೊದಲು ಕೆಮ್ಮು ಕೇಳಿದಳು. ಎರಡು ಸಲ. ಅವಳು ಏಳಲಿಲ್ಲ. ಕೆಮ್ಮಲಿ, ಅಂದುಕೊಂಡಳು. ಮೂರನೆಯ ಕೆಮ್ಮು ಅರ್ಧಕ್ಕೇ ತುಂಡಾಯಿತು. ಆಮೇಲೆ ಏನೂ ಕೇಳಲಿಲ್ಲ. ಮಾವನವರ ಎರಡು ಕೈಗಳೂ ಗಂಟಲಿಗೆ ಹೋಗಿದ್ದವು. ಬಾಯಿ ತೆರೆದಿತ್ತು, ಎದೆ ಎಳೆಯುತ್ತಿತ್ತು, ಒಂದು ಎಳೆ ಗಾಳಿಯೂ ಒಳಗೆ ಹೋಗುತ್ತಿರಲಿಲ್ಲ. ಸಾಲು ಇನ್ನೂ ನಗುತ್ತಿತ್ತು.

"ನೆತ್ತಿಗೆ ಹತ್ತಿತು. ಯಾರೋ ಹಿರೀಕ್ರು ನೆನೆಸ್ಕೊಂಡ್ರು," ಎಂದು ಮುನಿಯಲ್ಲಮ್ಮ ಓಡಿಬಂದು ಗಂಡನ ನೆತ್ತಿ ತಟ್ಟತೊಡಗಿದಳು. ಮಗ ಶ್ರೀರಾಮಪ್ಪ ಚೊಂಬು ಎತ್ತಿ ಬಾಯಿಗೆ ನೀರು ಬಗ್ಗಿಸಿದ. ನೀರು ನಿಂತಿತು, ತುಟಿಯ ಎರಡು ಕೊನೆಯಿಂದಲೂ ಹೊರಗೆ ಹರಿಯಿತು. ಆಗ ವೆಂಕಟರಾಯಪ್ಪ ತನ್ನ ಎಲೆಯಿಂದ ದಪ್ಪನಾದ ಇನ್ನೊಂದು ತುತ್ತು ಮುರಿದು ಉರುಟಾಗಿ ಕಟ್ಟಿದ. ಮೀನಿನ ಮುಳ್ಳು ಸಿಕ್ಕಿದರೆ ಮುದ್ದೆ ನುಂಗಿ ಒಳಕ್ಕೆ ಕಳಿಸುವುದು ಆ ಕಡೆಯವರಿಗೆಲ್ಲ ಗೊತ್ತಿದ್ದ ಉಪಾಯ. ಮೂಳೆಗೂ ಅದೇ ಎಂದು ಅವನು ಎಣಿಸಿದ. ಬಾವನ ಗದ್ದ ಹಿಡಿದು ಬಾಯಿ ಅಗಲಿಸಿದ.

ವೆಂಕಟರತ್ನಮ್ಮ ಎಲೆಗಳ ಸಾಲನ್ನು ದಾಟಿದಳು. ಹಿರಿಯರ ಹೆಸರಿನಲ್ಲಿ ಉಣ್ಣುತ್ತಿರುವ ಎಲೆಯನ್ನು ದಾಟಬಾರದು. ಅವಳ ಸೀರೆಯ ಅಂಚು ಎರಡು ಎಲೆಯ ಮೇಲೆ ಎಳೆದುಕೊಂಡು ಹೋಯಿತು. ಹೋದವಳೇ ವೆಂಕಟರಾಯಪ್ಪನ ಕೈಯನ್ನು ಮೊಣಕೈಯಿಂದ ತಳ್ಳಿದಳು. ತುತ್ತು ಹಾರಿ ಗೋಡೆಗೆ ಹೊಡೆಯಿತು. ಕೂಸಾದರೆ ಕಾಲು ಹಿಡಿದೆತ್ತಬಹುದು. ಒಂದು ಮೂಟೆ ರಾಗಿಯಷ್ಟು ತೂಕದ ಗಂಡಸನ್ನು ತಲೆಕೆಳಗು ಮಾಡುವುದು ಹೇಗೆ ಎಂದು ಅವಳು ಯೋಚಿಸಿದಳೋ ಇಲ್ಲವೋ. ಕಣ್ಣು ಮಾತ್ರ ಹಜಾರದ ಅಂಚನ್ನು ನೋಡಿತ್ತು. ಮಾವನವರ ಭುಜ ಹಿಡಿದು ಎಳೆದು, ಎದೆ ಅಂಚಿನ ಮೇಲೆ, ತಲೆ ಗೋದಲಿಯ ಮೇಲೆ ತೂಗುವ ಹಾಗೆ ಬೋರಲು ಕೆಡವಿದಳು. ಗೋದಲಿಯಲ್ಲಿ ಮೇಯುತ್ತಿದ್ದ ಹಸು ಬೆದರಿ ಹಿಂದೆ ಸರಿಯಿತು.

ಅಂಗೈಯ ಬುಡದಿಂದ, ಎರಡು ರೆಕ್ಕೆಮೂಳೆಗಳ ನಡುವೆ, ಒಂದು.

ಸಾಲೆಲ್ಲ ಎದ್ದು ನಿಂತಿತ್ತು. ಎರಡು. ಅತ್ತೆ ಅವಳ ಜಡೆ ಹಿಡಿದು ಎಳೆದಳು. ಮೂರು. ಶ್ರೀರಾಮಪ್ಪ ಅವಳ ರಟ್ಟೆ ಹಿಡಿದ. ತಾಳಿ ಕಟ್ಟಿದ ಗಂಡನ ಎದೆಗೆ ಅವಳು ಮೊಣಕೈ ಇಟ್ಟು ನೂಕಿದಳು. ಅವನು ಬಿಸಿ ಸಾರಿನ ಪಾತ್ರೆಯ ಮೇಲೆ ಕುಳಿತುಬಿಟ್ಟ. ನಾಲ್ಕು. ಏನೂ ಆಗಲಿಲ್ಲ. ಮಾವನವರ ಕೈಗಳು ಜೋಲುಬಿದ್ದವು. ಆ ಕೈಯ ಬಣ್ಣ ಅವಳಿಗೆ ಗೊತ್ತಿತ್ತು, ಒಮ್ಮೆ ನೋಡಿದ್ದಳು. ಸ್ವಲ್ಪ ಮೇಲಕ್ಕೆ ಸರಿದು, ಮಂಡಿಯೂರಿ, ಮೈಯ ಭಾರವನ್ನೆಲ್ಲ ಅಂಗೈಗೆ ತಂದು ಐದನೆಯದನ್ನು ಕೊಟ್ಟಳು.

ಮುದ್ದೆಯ ಉಂಡೆ, ಅದರಿಂದ ಹೊರಗೆ ಚಾಚಿದ್ದ ಮೂಳೆಯ ಸಮೇತ, ಹುಲ್ಲಿನ ಮೇಲೆ ಬಿತ್ತು. ಆಮೇಲೆ ಗಾಳಿ ಒಳಗೆ ಹೋಗುವ ಸದ್ದು. ಉದ್ದವಾಗಿ, ಕರಕರ ಎನ್ನುತ್ತ. ಹುಟ್ಟಿದ ಕೂಸು ಮೊದಲ ಸಲ ಉಸಿರೆಳೆಯುವಾಗ ಬರುವ ಸದ್ದೂ ಅದೇ, ಅರವತ್ತೆರಡರ ಪಟೇಲರಿಂದ ಬಂದದ್ದೂ ಅದೇ. ವೆಂಕಟರತ್ನಮ್ಮ ಅಲ್ಲೇ ಕುಕ್ಕರಿಸಿದಳು.

ಕೋದಂಡರಾಮಪ್ಪನವರು ಬಹಳ ಹೊತ್ತು ಗೋದಲಿಯ ಮೇಲೆಯೇ ತಲೆ ಇಟ್ಟುಕೊಂಡಿದ್ದರು. ಆಮೇಲೆ ಎದ್ದು, ಮುಖಕ್ಕೆ ಅಂಟಿದ್ದ ಹುಲ್ಲು ತೆಗೆದು, ಸುತ್ತ ನಿಂತವರನ್ನು ನೋಡಿದರು. ಕೊನೆಗೆ ಸೊಸೆಯನ್ನು ನೋಡಿದರು. ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ಆ ಸಂಜೆ ಯಾರೂ ಪಟೇಲರು ಬದುಕಿದರು ಎಂದು ಹೇಳಲಿಲ್ಲ. ಸೊಸೆ ಮಾವನಿಗೆ ಹೊಡೆದಳು ಎಂದರು. ಎಲೆ ದಾಟಿ ಹೊಡೆದಳು, ಸೂಲಗಿತ್ತಿಯ ಕೈಯಲ್ಲಿ ಹೊಡೆದಳು, ದನ ತಿನ್ನುವ ಜಾಗಕ್ಕೆ ಮುಖ ಹಾಕಿಸಿ ಹೊಡೆದಳು. ಮುಳಬಾಗಿಲಿನ ಸಂತೆಗೆ ಹೋದವರು ಹಿಂದಿರುಗುವಾಗ ಅದಕ್ಕೆ ಇನ್ನೂ ಎರಡು ಕೂಡಿಸಿಕೊಂಡು ಬಂದರು: ಪೊರಕೆಯಲ್ಲಿ ಹೊಡೆದಳಂತೆ, ಹಳೆಯ ದ್ವೇಷವಂತೆ. ವೆಂಕಟರಾಯಪ್ಪ ಲಕ್ಕೂರಿಗೆ ಹೊರಡಲಿಲ್ಲ. ಇದು ತೀರ್ಮಾನವಾಗದೆ ಗಾಡಿ ಕಟ್ಟುವುದಿಲ್ಲ ಎಂದು ಜಗಲಿಯ ಮೇಲೆ ಕೂತ. ಮೂರು ದಿನ ಪಟೇಲರು ಅಂಬಲಿ ಕುಡಿದುಕೊಂಡು ಕೋಣೆಯಲ್ಲೇ ಇದ್ದರು. ನಾಲ್ಕನೆಯ ದಿನ ಬೆಳಗ್ಗೆ ಚಾವಡಿಯಲ್ಲಿ ಯಜಮಾನರು ಸೇರುತ್ತಾರೆಂದು ತಳವಾರ ಬಂದು ಹೇಳಿ ಹೋದ. ಸೊಸೆ ತನ್ನ ಪೆಟ್ಟಿಗೆಯನ್ನು ತರಬೇಕು. ಎಲ್ಲರ ಎದುರಿಗೆ ಮಾವನ ಕಾಲು ಹಿಡಿದು, ಹೊಡೆದದ್ದು ತಪ್ಪಾಯಿತು ಎನ್ನಬೇಕು, ಪೆಟ್ಟಿಗೆ ಅಲ್ಲೇ ಬಿಡಬೇಕು. ಒಪ್ಪದಿದ್ದರೆ ಮಾಲೂರಿಗೆ ಗಾಡಿ ಸಿದ್ಧವಾಗಿರುತ್ತದೆ.

ಹೊರಡುವ ಮುಂಚೆ ಮುನಿಯಲ್ಲಮ್ಮ ಸೊಸೆಯ ಹತ್ತಿರ ಬಂದು ನಿಂತಳು. ಜಡೆ ಎಳೆದ ಕೈ ಎಲ್ಲಿಡುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ಎರಡು ಮಾತು ಕಣೇ. ಹೇಳಿಬಿಟ್ರೆ ನಾಲಿಗೆ ಏನು ಸವೆದು ಹೋಗ್ತದಾ? ನಾನು ನಿಮ್ಮಾವನಿಗೆ ನಲವತ್ತು ವರ್ಷದಿಂದ ಹೇಳ್ತಾ ಇದ್ದೀನಿ. ಅರ್ಧದಷ್ಟು ಸಲ ತಪ್ಪು ಯಾರದು ಅಂತ ನನಗೂ ಗೊತ್ತಿರೋಲ್ಲ."

ಶ್ರೀರಾಮಪ್ಪನೂ ಅದನ್ನೇ ಹೇಳಿದ. ಸುಟ್ಟ ತೊಡೆಗೆ ಎಣ್ಣೆ ಸವರಿಕೊಂಡು, ಅವಳ ಮುಖ ನೋಡದೆ, ಮನಸ್ಸಿನಲ್ಲಿ ಏನಾದರೂ ಇಟ್ಟುಕೋ, ಬಾಯಲ್ಲಿ ಅಂದುಬಿಡು ಎಂದ. ಕೆಟ್ಟವನಲ್ಲ. ಅಪ್ಪನಿಗೂ ಹೆಂಡತಿಗೂ ನಡುವೆ ನಿಂತು ನಿಂತು ಕಂಬದ ಹಾಗಾಗಿದ್ದ.

ಅಂದುಬಿಡುವುದು ಕಷ್ಟವಲ್ಲ ಎಂಬುದು ವೆಂಕಟರತ್ನಮ್ಮನಿಗೆ ಗೊತ್ತಿತ್ತು. ಕಾಲಿಗೆ ಬೀಳುವುದೂ ಕಷ್ಟವಲ್ಲ, ಹಬ್ಬಕ್ಕೊಂದು ಸಲ ಬೀಳುತ್ತಲೇ ಇದ್ದಳು. ಆದರೆ ಅವಳು ಬಾಯಲ್ಲಿ ಅಂದದ್ದು ಊರಿನ ಬಾಯಲ್ಲಿ ಉಳಿಯುತ್ತದೆ. ಹೊಡೆಯುವುದು ತಪ್ಪು ಎಂದು ಹೊಡೆದವಳೇ ಒಪ್ಪಿದಳಂತೆ ಎಂದು ಉಳಿಯುತ್ತದೆ. ನಾಳೆ ಯಾವುದೋ ಮನೆಯಲ್ಲಿ ಯಾವುದೋ ಕೂಸಿನ ಉಸಿರು ನಿಂತಾಗ ಎತ್ತಿದ ಕೈ ಆ ಮಾತನ್ನು ನೆನೆದು ಕೆಳಗಿಳಿಯುತ್ತದೆ. ಮತ್ತೆ ನೆತ್ತಿ ತಟ್ಟುತ್ತಾರೆ. ಎರಡು ಮಾತಿನ ತೂಕ ಅಷ್ಟಿತ್ತು. ಅವಳು ಪೆಟ್ಟಿಗೆ ಎತ್ತಿಕೊಂಡು ಹೊರಟಳು.

ಚಾವಡಿಯ ಮೇಲೆ ಐದು ಜನ ಯಜಮಾನರು, ಅವರ ಪಕ್ಕಕ್ಕೆ ಕಂಬಳಿ ಹೊದ್ದು ಪಟೇಲರು. ಊರಿನ ಪಟೇಲರು ಚಾವಡಿಯಲ್ಲಿ ಪಕ್ಕಕ್ಕೆ ಕೂತದ್ದು ಅದೇ ಮೊದಲು. ಹೆಂಗಸರು ಮೇಲೆ ಹತ್ತುವಂತಿಲ್ಲ. ವೆಂಕಟರತ್ನಮ್ಮ ಮೆಟ್ಟಿಲ ಕೆಳಗೆ ನಿಂತು ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡಳು. ಅವಳ ಹಿಂದೆ, ಹುಣಸೆಮರದ ಕೆಳಗೆ, ಊರಿನ ಹೆಂಗಸರು. ಹೋದ ತಿಂಗಳು ಅವಳೇ ಹೆರಿಗೆ ಮಾಡಿಸಿದ್ದ ಆಂಜಿನಮ್ಮ ಕೂಸನ್ನೆತ್ತಿಕೊಂಡು ಬಂದಿದ್ದಳು.

ಹಿರಿಯ ಯಜಮಾನ ರಾಮಚಂದ್ರಪ್ಪ ನಿಧಾನದ ಮನುಷ್ಯ. ಕುಲದ ಕಟ್ಟು, ಹಿರಿಯರ ಎಲೆ, ಮಾವ ಎಂದರೆ ತಂದೆ ಎಂಬುದನ್ನೆಲ್ಲ ಹೇಳಿ, ಬೆನ್ನಿನ ಮೇಲೆ ಕೈ ಮಾಡಿದ್ದು ನಿಜವೇ ಎಂದು ಕೇಳಿದ.

"ನಿಜ," ಎಂದಳು ವೆಂಕಟರತ್ನಮ್ಮ. "ಐದು ಏಟು ಹೊಡೆದೆ."

ಹಾಗಾದರೆ ತಪ್ಪಾಯಿತು ಎಂದು ಹೇಳಬೇಕಾಗುತ್ತದೆ ಎಂದ ರಾಮಚಂದ್ರಪ್ಪ.

"ಯಾವ ಏಟು ತಪ್ಪು ಅಂತ ದೊಡ್ಡೋರು ಹೇಳಲಿ. ಮೊದಲ ನಾಲ್ಕು ಏಟಿಗೆ ಏನೂ ಬರಲಿಲ್ಲ, ಅವು ಕಡಿಮೆ ಬಿದ್ದಿದ್ವು. ಅದು ತಪ್ಪು ಅಂದ್ರೆ ಒಪ್ಕೊಳ್ತೀನಿ, ಇನ್ನೂ ಜೋರಾಗಿ ಹೊಡೀಬೇಕಿತ್ತು. ಐದನೇದು ತಪ್ಪು ಅಂದ್ರೆ, ಅದನ್ನ ನಾನು ವಾಪಸು ತಗೊಂಡ್ರೆ, ನಮ್ಮ ಮಾವ ಅಲ್ಲಿ ಕೂತಿರೋ ಜಾಗ ಖಾಲಿ ಇರ್ತದೆ."

ಹುಣಸೆಮರದ ಕೆಳಗೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ವೆಂಕಟರಾಯಪ್ಪ ಎದ್ದು ನಿಂತ.

"ಕೇಳಿದ್ರಾ ಮಾತು? ಆಸ್ಪತ್ರೆ ನೀರು ಕುಡಿದವಳ ಮಾತು. ನಮ್ಮಪ್ಪನ ಕಾಲದಿಂದ ನೆತ್ತಿಗೆ ಹತ್ತಿದ್ರೆ ನೆತ್ತಿ ತಟ್ತಾ ಇದ್ದೀವಿ, ನೀರು ಕೊಡ್ತಾ ಇದ್ದೀವಿ. ಇನ್ನೊಂದು ಗಳಿಗೆ ಬಿಟ್ಟಿದ್ರೆ ಬಾವ ತಾನೇ ಸರಿ ಹೋಗ್ತಾ ಇದ್ರು. ನೆತ್ತಿ ತಟ್ಟಿ ಸತ್ತೋರು ಯಾರಿದ್ದಾರೆ ಈ ಊರಲ್ಲಿ? ಒಬ್ಬರ ಹೆಸರು ಹೇಳಲಿ."

ಹುಣಸೆಮರದ ಕೆಳಗಿನ ಹೆಂಗಸರು ತಲೆ ತಗ್ಗಿಸಿದರು. ವೆಂಕಟರಾಯಪ್ಪನಿಗೆ ತಾನು ಏನು ಕೇಳಿದೆ ಎಂಬುದನ್ನು ಸುತ್ತಲಿನ ಮುಖಗಳಿಂದ ತಿಳಿದುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೂತುಕೊಂಡ. ಮಗಳ ಹೆಸರು ಹೇಳುವುದು ವೆಂಕಟರತ್ನಮ್ಮನಿಂದ ಆಗಲಿಲ್ಲ. ಐದು ವರ್ಷದಿಂದ ಆ ಹೆಸರು ಅವಳ ಬಾಯಿಗೆ ಬಂದಿರಲಿಲ್ಲ.

ಆಗ ಕಂಬಳಿಯೊಳಗಿಂದ ಪಟೇಲರ ದನಿ ಬಂತು. ಮೂಳೆ ಗೀರಿದ ಗಂಟಲು ಇನ್ನೂ ಒಡೆದಿತ್ತು.

"ನೀನು ಹೊಡೆದದ್ದು ತಪ್ಪು ಅಂತ ಒಂದು ಸಲ ಅನ್ನು ತಾಯಿ. ಪೆಟ್ಟಿಗೆ ಬೇಡ. ಕಾಲು ಹಿಡಿಯೋದೂ ಬೇಡ. ತಪ್ಪು ಅಂತ ಅಂದುಬಿಡು, ಸಾಕು."

ಅದು ಆಜ್ಞೆಯ ದನಿಯಾಗಿರಲಿಲ್ಲ. ವೆಂಕಟರತ್ನಮ್ಮ ತಲೆಯೆತ್ತಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ, ಮಾವನವರ ಕಣ್ಣನ್ನು ನೇರವಾಗಿ ನೋಡಿದಳು. ಪಕ್ಕದ ಹೊಲದಲ್ಲಿ ಬೆಳೆಯುವ ಕಡಲೆಕಾಯಿಯನ್ನು ಇವರ ಮಣ್ಣು ಏಕೆ ಹಿಡಿಯುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಈ ಮನುಷ್ಯನಿಗೆ ಮಾನ ಹೋದ ದುಃಖವಲ್ಲ. ಏಟು ಸರಿಯಾದರೆ ನೆತ್ತಿ ತಟ್ಟಿದ್ದು ತಪ್ಪು. ಆ ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡು ಅವರು ಮನಸ್ಸಿನಲ್ಲಿ ಅದೇ ಕಡಲೆಬೀಜ ಬಿಡಿಸುತ್ತ ಕೂತಿದ್ದರು. ಏಟು ತಪ್ಪು ಎಂದು ಅವಳ ಬಾಯಿಂದ ಬಂದರೆ ಅವರ ಕೈ ಆ ಸಾವಿನಿಂದ ಬಿಡುಗಡೆಯಾಗುತ್ತಿತ್ತು.

ಆ ತಾತ ಆ ಕೂಸಿಗೆ ಕುರಿಯ ಉಣ್ಣೆಯ ಟೋಪಿ ಹೆಣೆಸಿ ತಂದದ್ದು ನೆನಪಾಯಿತು. ಒಂದು ಮಾತು. ಸುಳ್ಳಾದರೇನು, ಮುದುಕನೊಬ್ಬ ನಿದ್ದೆ ಮಾಡುತ್ತಾನೆ. ಹಿಂದೆ ಆಂಜಿನಮ್ಮನ ಕೂಸು ಕುಂಯ್ ಎಂದಿತು.

"ಆಗೋದಿಲ್ಲ ಮಾವ," ಎಂದಳು. "ಬೇರೆ ಏನು ಬೇಕಾದ್ರೂ ಕೇಳಿ, ಮಾಡ್ತೀನಿ. ಇದೊಂದು ಆಗೋದಿಲ್ಲ."

ಪಟೇಲರು ಕಂಬಳಿಯನ್ನು ಭುಜದ ಮೇಲೆ ಎಳೆದುಕೊಂಡರು.

"ಹಾಗಾದ್ರೆ ಅವತ್ತು," ಎಂದರು. ಮುಂದಿನ ಮಾತಿಗೆ ಉಸಿರು ಕೂಡಿಸಿಕೊಂಡರು. "ಅವತ್ತು ಹಿಂಗೆ ಹೊಡೆದಿದ್ರೆ ಕೂಸು ಉಳೀತಾ ಇತ್ತಾ?"

"ಗೊತ್ತಿಲ್ಲ. ಉಳೀಬೋದಿತ್ತು." ವೆಂಕಟರತ್ನಮ್ಮ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. "ಎಲ್ಲಾರೂ ಉಳಿಯೋದಿಲ್ಲ ಅಂತ ನನಗೆ ಕಲಿಸಿದೋರು ಹೇಳಿದ್ದಾರೆ. ಆದ್ರೆ ನೆತ್ತಿ ತಟ್ಟಿದ್ರೆ ಉಳಿಯೋದಿಲ್ಲ, ಅದು ಗೊತ್ತು. ನೀವೊಬ್ರೇ ಅಲ್ಲ ಮಾವ, ಅತ್ತೆ ನೀರು ಹೊಯ್ದ್ರು, ನಾನು ನೆತ್ತಿ ಊದ್ತಾ ಕೂತಿದ್ದೆ. ನನ್ನ ಕೈಗೆ ಆವತ್ತು ಗೊತ್ತಿರಲಿಲ್ಲ. ಈಗ ಗೊತ್ತಿದೆ. ಗೊತ್ತಿರೋದನ್ನ ಗೊತ್ತಿಲ್ಲ ಅಂತ ಹೇಳು ಅಂದ್ರೆ, ಆ ಮಗು ಸತ್ತದ್ದಕ್ಕೆ ಯಾವ ಅರ್ಥಾನೂ ಇಲ್ಲ. ಮಾಲೂರಿಗೆ ಗಾಡಿ ಕಟ್ಟಿಸಿ, ಹೋಗ್ತೀನಿ. ಅಲ್ಲೂ ಮಕ್ಕಳು ಇದ್ದಾರೆ."

ಅವಳು ಬಗ್ಗಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು. ರಾಮಚಂದ್ರಪ್ಪ ಪಟೇಲರ ಕಡೆ ನೋಡಿದ. ಉಳಿದವರೂ ನೋಡಿದರು. ಕೋದಂಡರಾಮಪ್ಪನವರು ಕಂಬಳಿ ಸರಿಸಿ, ನೆಲಕ್ಕೆ ಕೈಯೂರಿ ಎದ್ದು, ಚಾವಡಿಯ ಮೆಟ್ಟಿಲಿಳಿದು ಬಂದರು. ಅವಳ ಪಕ್ಕದಲ್ಲೇ ದಾಟಿ ಹೋಗುತ್ತಾರೆ ಎಂದುಕೊಂಡು ಅವಳು ಸರಿದು ನಿಂತಳು. ಅವರು ಹೋಗಲಿಲ್ಲ. ಕೊನೆಯ ಮೆಟ್ಟಿಲ ಮೇಲೆ, ಅವಳಿಗೆ ಬೆನ್ನು ಮಾಡಿ, ಯಜಮಾನರ ಕಡೆ ಮುಖ ಮಾಡಿ ಕೂತರು. ಹೆಗಲ ಮೇಲಿನ ವಸ್ತ್ರ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆನ್ನಿನ ನಡುವೆ ಅಂಗೈಯಗಲದ ಜಾಗ ಇನ್ನೂ ನೀಲಿಗಟ್ಟಿತ್ತು.

"ಎಲ್ಲಿ?" ಎಂದರು.

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ.

"ಎಲ್ಲಿ ಹೊಡೀಬೇಕು ಅಂತ ತೋರ್ಸು. ಇವರೆಲ್ಲ ನೋಡ್ಲಿ."

ವೆಂಕಟರತ್ನಮ್ಮ ಪೆಟ್ಟಿಗೆ ಬಿಟ್ಟು, ಊರಿನ ಎದುರಿಗೆ, ಮಾವನವರ ಬರಿ ಬೆನ್ನಿನ ಮೇಲೆ ಅಂಗೈ ಇಟ್ಟಳು. "ಇಲ್ಲಿ," ಎಂದಳು. "ಎರಡು ರೆಕ್ಕೆಮೂಳೆ ಮಧ್ಯೆ. ಅಂಗೈಯ ಬುಡದಿಂದ. ತಲೆ ಎದೆಗಿಂತ ಕೆಳಗಿರಬೇಕು." ಪಟೇಲರು ತಾವೇ ಮುಂದಕ್ಕೆ ಬಗ್ಗಿದರು. ಅವಳು ಕೂಸನ್ನು ಮುಂಗೈ ಮೇಲೆ ಹೇಗೆ ಬೋರಲು ಹಿಡಿಯಬೇಕು, ಕತ್ತಿಗೆ ಬೆರಳು ಹೇಗೆ ಆಸರೆ ಕೊಡಬೇಕು, ಕೂಸಿಗೆ ಏಟಿನ ಬಿರುಸು ಎಷ್ಟು ಕಡಿಮೆ ಇರಬೇಕು ಎಂಬುದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಭಾರತಮ್ಮನ ದನಿಯ ಹಾಗೆ ಒಣಗಿತು. ಹುಣಸೆಮರದ ಕೆಳಗಿನ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು ನಿಂತಿದ್ದರು. ಆಂಜಿನಮ್ಮ ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ ನೋಡಿದಳು. ಕೂಸಿಗೆ ಅದು ಹಿಡಿಸಲಿಲ್ಲ.

"ಗಟ್ಟಿಯಾಗಿ ಅನ್ನೋದನ್ನ ಹೇಳಮ್ಮ," ಎಂದರು ಪಟೇಲರು, ನೆಲ ನೋಡುತ್ತ. "ಮೆತ್ತಗೆ ತಟ್ಟಿದ್ರೆ ಬರೋದಿಲ್ಲ ಅನ್ನೋದನ್ನ ಹೇಳು."

ಅವರ ಬೆನ್ನು ನಡುಗುತ್ತಿರುವುದು ಅವಳ ಅಂಗೈಗೆ ಮಾತ್ರ ತಿಳಿಯುತ್ತಿತ್ತು. ಅವಳು ಕೈ ತೆಗೆಯಲಿಲ್ಲ.

ಚಾವಡಿಯಲ್ಲಿ ತೀರ್ಪು ಏನಾಯಿತೆಂದು ಆಮೇಲೆ ಯಾರು ಕೇಳಿದರೂ ಸರಿಯಾಗಿ ಹೇಳಲಾರರು. ರಾಮಚಂದ್ರಪ್ಪ ಏನೋ ಹೇಳಲು ಬಾಯಿ ತೆರೆದು, ಎಲೆಯಡಿಕೆ ಹಾಕಿಕೊಂಡ. ವೆಂಕಟರಾಯಪ್ಪ ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಗಾಡಿ ಕಟ್ಟಿಸಿದ. ಹೋಗುವಾಗ, ಮುಂದಿನ ಅಮಾವಾಸ್ಯೆಗೆ ಬಾವ ಅನ್ನ ಮಾಡಿಸಿದರೆ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಹೋದನಂತೆ. ವೆಂಕಟರತ್ನಮ್ಮ ಪೆಟ್ಟಿಗೆಯನ್ನು ಮನೆಗೆ ತಂದು ಅದೇ ಗೂಡಿನಲ್ಲಿಟ್ಟಳು. ಬೇರೆ ತಟ್ಟೆ, ಬೇರೆ ಚೊಂಬು ಎಂಬ ಕಟ್ಟಳೆಯನ್ನು ಯಾರೂ ತೆಗೆಯಲಿಲ್ಲ. ಅವಳು ಕೇಳಲೂ ಇಲ್ಲ.

ಎರಡು ದಿನದ ಮೇಲೆ ಊಟದ ಹೊತ್ತಿನಲ್ಲಿ ಶ್ರೀರಾಮಪ್ಪನಿಗೆ ಸಾರಿನ ಖಾರ ಗಂಟಲಿಗೆ ಹತ್ತಿ ಕೆಮ್ಮು ಬಂತು. ಬಡಿಸುತ್ತಿದ್ದ ಮುನಿಯಲ್ಲಮ್ಮನ ಕೈ ಅಭ್ಯಾಸಬಲದಿಂದ ಮಗನ ನೆತ್ತಿಗೆ ಹೋಯಿತು. ಪಟೇಲರು ಹೆಂಡತಿಯ ಮಣಿಕಟ್ಟು ಹಿಡಿದು ತಡೆದರು.

"ಕೆಮ್ತಾ ಇದ್ದಾನಲ್ಲ, ಕೆಮ್ಮಲಿ ಬಿಡು," ಎಂದರು. "ಶಬ್ದ ನಿಂತ್ರೆ ಅವಳನ್ನ ಕರಿ."

ಕಂಬದ ಬುಡದಲ್ಲಿ ತನ್ನ ತಟ್ಟೆಯ ಮುಂದೆ ಕೂತಿದ್ದ ವೆಂಕಟರತ್ನಮ್ಮ ಕಿವಿಗೊಟ್ಟು ಕೇಳಿದಳು. ಕೆಮ್ಮು ಗಟ್ಟಿಯಾಗಿತ್ತು, ಪೂರ್ತಿಯಾಗಿತ್ತು. ಅವಳು ಮುದ್ದೆಯ ತುತ್ತು ಮುರಿದು, ಚಿಕ್ಕದು ಮಾಡಿ, ಬಾಯಿಗಿಟ್ಟುಕೊಂಡಳು.